ಸ್ಕೂಲ್ ಬೋರ್ಡಿನ ವೋಟು ಬಿಡಬೇಡಿ: ಅಮೆರಿಕದ ಪ್ರಜೆಗಳಾದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಪೌರತ್ವ ಪಡೆದಿರುವ ಕನ್ನಡದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಮತ್ತು ಇಲ್ಲಿನ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ಪ್ರತಿ ವರ್ಷ ಆಗಸ್ಟ್ 26 ಬಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಹಳೇ ಫೋಟೋ ಓಡಾಡುತ್ತದೆ. ಬಿಳಿ ಬಟ್ಟೆಯ ಹೆಂಗಸರು, ಕೈಯಲ್ಲಿ ಬಾವುಟ, ಕೆಳಗೆ 1920ರಲ್ಲಿ ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ಬಂತು ಎಂಬ ಒಂದು ಸಾಲು. ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತೇವೆ. ಎರಡು ತಿಂಗಳು ಕಳೆದರೆ ನವೆಂಬರ್. ಸ್ಕೂಲ್ ಬೋರ್ಡಿಗೆ, ಟೌನ್‌ಶಿಪ್ಪಿಗೆ, ಕೌಂಟಿಗೆ ಚುನಾವಣೆ. ಅದೇ ಗುಂಪಿನಲ್ಲಿ ಯಾರು ಯಾರು ವೋಟು ಹಾಕಿದಿರಿ ಎಂದು ಕೇಳಿ ನೋಡಿ. "ಈ ವರ್ಷ ಪ್ರೆಸಿಡೆಂಟ್ ಎಲೆಕ್ಷನ್ ಇಲ್ವಲ್ಲ" ಅನ್ನುವವರೇ ಜಾಸ್ತಿ.

ಆ ಮಾತಿಗೆ ಉತ್ತರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಯಾವ ಪಕ್ಷದ ಪರವಾಗಿಯೂ ಅಲ್ಲ. ನೀವು ಯಾರಿಗೆ ಹಾಕುತ್ತೀರಿ ಅನ್ನುವುದು ನನಗೆ ಬೇಡ. ಆದರೆ ಈ ದೇಶದ ಹೆಂಗಸರು ವೋಟು ಗೆದ್ದ ಕತೆಯನ್ನು ಸ್ವಲ್ಪ ಕೂತು ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ವಾಷಿಂಗ್ಟನ್ನಿನ ದೊಡ್ಡ ಗೆಲುವಿನ ಹಿಂದೆ ಊರು, ವಾರ್ಡು, ಶಾಲೆ, ರಾಜ್ಯ ಎಂದು ನೂರಾರು ಸಣ್ಣ ಚುನಾವಣೆಗಳಿವೆ. ನಾವು ಬೇಡ ಎಂದು ಬಿಡುವುದು ಅಂಥ ಚುನಾವಣೆಗಳನ್ನೇ.

ನಾನಿರುವ ನ್ಯೂಜೆರ್ಸಿಯಿಂದಲೇ ಶುರು ಮಾಡುತ್ತೇನೆ. ಇಲ್ಲಿ ಹೆಂಗಸರು ಮೊದಲು ವೋಟು ಹಾಕಿದ್ದು 1920ರಲ್ಲಿ ಅಲ್ಲವೇ ಅಲ್ಲ. 1776ರ ನ್ಯೂಜೆರ್ಸಿ ಸಂವಿಧಾನ 50 ಪೌಂಡಿನಷ್ಟು ಆಸ್ತಿ ಇರುವ ಎಲ್ಲ ನಿವಾಸಿಗಳಿಗೂ ಮತ ಕೊಟ್ಟಿತ್ತು. ಗಂಡಸರು ಎಂದು ಹೇಳಿರಲಿಲ್ಲ. 1790ರ ಚುನಾವಣಾ ಕಾನೂನು ಮತದಾರ 'ಅವನು ಅಥವಾ ಅವಳು' ಎಂದೇ ಬರೆಯಿತು. ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಹೆಸರಿಗೆ ಹೋಗುತ್ತಿದ್ದ ಕಾಲ ಅದು. ಹಾಗಾಗಿ ವಿಧವೆಯರು, ಮದುವೆಯಾಗದವರು ಮಾತ್ರ ಹೋಗಿ ವೋಟು ಹಾಕುತ್ತಿದ್ದರು. ಆಸ್ತಿಯಿದ್ದ ಸ್ವತಂತ್ರ ಕಪ್ಪು ಜನರೂ ಹಾಕುತ್ತಿದ್ದರು.

ಇದು ಹೋದದ್ದು ಹೇಗೆ ಗೊತ್ತಾ? ಒಂದು ಕೋರ್ಟು ಕಟ್ಟಡದಿಂದ. 1807ರಲ್ಲಿ ಎಸೆಕ್ಸ್ ಕೌಂಟಿಯಲ್ಲಿ ಹೊಸ ಕೋರ್ಟು ನೆವಾರ್ಕಿನಲ್ಲಿ ಇರಬೇಕೋ ಎಲಿಜಬೆತ್‌ಟೌನಿನಲ್ಲಿ ಇರಬೇಕೋ ಎಂದು ಜನರ ಮತ ಕೇಳಿದರು. ಎರಡೂ ಊರಿನವರು ಹಠಕ್ಕೆ ಬಿದ್ದರು. ಕಳ್ಳವೋಟು ಎಷ್ಟು ಬಿತ್ತೆಂದರೆ ಎಣಿಕೆ ಮುಗಿದಾಗ ಇರುವ ಮತದಾರರಿಗಿಂತ ಬಿದ್ದ ಮತಗಳೇ ಹೆಚ್ಚಾಗಿದ್ದವು. ಹುಡುಗರು ಹೆಂಗಸರ ಬಟ್ಟೆ ತೊಟ್ಟು ಮತ್ತೆ ಮತ್ತೆ ಹಾಕಿದರು ಎಂಬ ಆರೋಪವೂ ಬಂತು. ಮೋಸ ಮಾಡಿದವರಲ್ಲಿ ಗಂಡಸರಿಗೇನೂ ಕಮ್ಮಿ ಇರಲಿಲ್ಲ. ಶಿಕ್ಷೆ ಮಾತ್ರ ಹೆಂಗಸರಿಗೂ ಕಪ್ಪು ಜನರಿಗೂ ಬಿತ್ತು. ಅದೇ ವರ್ಷ ಶಾಸನಸಭೆ ತೆರಿಗೆ ಕಟ್ಟುವ ಬಿಳಿ ಗಂಡಸರಿಗೆ ಮಾತ್ರ ವೋಟು ಎಂದು ಕಾನೂನು ಮಾಡಿತು. ಪಕ್ಷಗಳ ಲೆಕ್ಕಾಚಾರವೂ ಅದರ ಹಿಂದೆ ಇತ್ತು, ಬಿಡಿ. ಮೂವತ್ತು ವರ್ಷ ಇದ್ದ ಹಕ್ಕು ಹೋಯಿತು. ಅದು ಪೂರ್ತಿಯಾಗಿ ಮರಳಿ ಬರಲು ಇನ್ನೂ 113 ವರ್ಷ ಬೇಕಾಯಿತು.

ಹೆಂಗಸರ ಹಕ್ಕುಗಳಿಗಾಗಿ ನಡೆದ 1848ರ ಸೆನೆಕಾ ಫಾಲ್ಸ್ ಸಭೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಿಮ್ಮ ಮಕ್ಕಳ ಪಾಠದಲ್ಲೇ ಇದೆ. ಎಲಿಜಬೆತ್ ಕೇಡಿ ಸ್ಟಾಂಟನ್, ಲುಕ್ರೀಷಿಯಾ ಮಾಟ್, ಹೇಳಿಕೆಗೆ ಸಹಿ ಹಾಕಿದ 68 ಹೆಂಗಸರು ಮತ್ತು 32 ಗಂಡಸರು. ಒಂದು ಸಂಗತಿ ಮಾತ್ರ ಹೇಳುತ್ತೇನೆ. ಅಲ್ಲಿಟ್ಟ ನಿರ್ಣಯಗಳಲ್ಲಿ ವೋಟಿನ ನಿರ್ಣಯ ಒಂದಕ್ಕೇ ಎಲ್ಲರ ಒಪ್ಪಿಗೆ ಸಿಗಲಿಲ್ಲ. ಇದು ಅತಿಯಾಯಿತು, ಜನ ನಗುತ್ತಾರೆ ಎಂದು ಬಂದವರೇ ಹೆದರಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ಎದ್ದು ನಿಂತು ಮಾತಾಡಿದ ಮೇಲೆ ಅದು ಪಾಸಾಯಿತು.

ಮುಂದೆ ಅಂತರ್ಯುದ್ಧ ಬಂತು, ಮುಗಿಯಿತು. 1868ರ 14ನೇ ತಿದ್ದುಪಡಿಯಲ್ಲಿ ಸಂವಿಧಾನದೊಳಗೆ ಮೊದಲ ಬಾರಿಗೆ 'ಗಂಡಸು' ಎಂಬ ಮಾತು ಸೇರಿತು. 1870ರ 15ನೆಯದು ಜನಾಂಗ, ಬಣ್ಣ ನೋಡಿ ವೋಟು ತಪ್ಪಿಸಬಾರದು ಎಂದಿತು. ಹೆಣ್ಣು ಗಂಡಿನ ಮಾತೇ ಎತ್ತಲಿಲ್ಲ. ಇದರ ಮೇಲೆ ಚಳವಳಿ ಎರಡಾಗಿ ಒಡೆಯಿತು. ಮತ್ತೆ ಕೂಡಿದ್ದು 1890ರಲ್ಲಿ. ಆ ಜಗಳದಲ್ಲಿ ಸ್ಟಾಂಟನ್ ಕಪ್ಪು ಗಂಡಸರ ಬಗ್ಗೆ, ವಲಸೆ ಬಂದವರ ಬಗ್ಗೆ ಆಡಿದ ಕೆಲವು ಮಾತುಗಳನ್ನು ಓದಿದರೆ ಬೇಜಾರಾಗುತ್ತದೆ. ಪೋಸ್ಟರಿನಲ್ಲಿ ಇರುವವರೆಲ್ಲ ದೇವತೆಗಳಲ್ಲ.

ಈಗ ನೋಂದಣಿಯ ಮಾತಿಗೆ ಬರುತ್ತೇನೆ. ವೋಟರ್ ರಿಜಿಸ್ಟ್ರೇಷನ್ ಫಾರಂ ಮೇಜಿನ ಡ್ರಾಯರಿನಲ್ಲಿ ಹಾಗೇ ಬಿದ್ದಿದೆ ಎಂದು ನಗುತ್ತಾ ಹೇಳುವ ಎಷ್ಟೋ ಜನ ನಮ್ಮಲ್ಲಿದ್ದಾರೆ. 1872ರ ನವೆಂಬರ್ 1ರಂದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಈ ಚಳವಳಿಯ ನಾಯಕಿ ಸೂಸನ್ ಬಿ. ಆಂಟನಿ ತನ್ನ ಅಕ್ಕತಂಗಿಯರನ್ನು ಕರೆದುಕೊಂಡು ಒಂದು ಕ್ಷೌರದಂಗಡಿಗೆ ಹೋದರು. ಮತದಾರರ ನೋಂದಣಿ ನಡೆಯುತ್ತಿದ್ದದ್ದು ಅಲ್ಲಿ. ನಮ್ಮ ಹೆಸರು ಬರೆದುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಮೇಲೆ ಕೇಸು ಹಾಕುತ್ತೇನೆ ಎಂದು ಅಲ್ಲಿನ ಹುಡುಗರನ್ನು ಹೆದರಿಸಿ ಹೆಸರು ಬರೆಸಿದರು. ನವೆಂಬರ್ 5ರಂದು ವೋಟು ಹಾಕಿದರು. ಕೆಲವೇ ದಿನಗಳಲ್ಲಿ ಅರೆಸ್ಟಾದರು.

1873ರ ಜೂನಿನಲ್ಲಿ ವಿಚಾರಣೆ. ನ್ಯಾಯಾಧೀಶ ವಾರ್ಡ್ ಹಂಟ್ ಆಕೆಗೆ ಸಾಕ್ಷಿ ಹೇಳಲು ಬಿಡಲಿಲ್ಲ. ಜ್ಯೂರಿಯವರು ಕೂತು ಮಾತಾಡಲೂ ಬಿಡಲಿಲ್ಲ. ತಪ್ಪಿತಸ್ಥೆ ಎಂದೇ ತೀರ್ಪು ಬರೆಯಿರಿ ಎಂದು ತಾನೇ ಹೇಳಿದ. 100 ಡಾಲರ್ ದಂಡ. ಒಂದು ಡಾಲರನ್ನೂ ಕಟ್ಟುವುದಿಲ್ಲ ಎಂದರು ಆಂಟನಿ, ಕೊನೆತನಕ ಕಟ್ಟಲೂ ಇಲ್ಲ. ಕಟ್ಟಲಿಲ್ಲವೆಂದು ಜೈಲಿಗೆ ಹಾಕಿದ್ದರೆ ಆ ದಾರಿಯಲ್ಲಿ ಕೇಸು ಸುಪ್ರೀಂ ಕೋರ್ಟಿಗೆ ಹೋಗುತ್ತಿತ್ತು. ಅದು ಗೊತ್ತಿದ್ದೇ ಹಂಟ್ ಜೈಲಿಗೆ ಹಾಕಲಿಲ್ಲ. ಬುದ್ಧಿವಂತ. ಆಕೆಯ ವೋಟು ತೆಗೆದುಕೊಂಡ ಚುನಾವಣಾ ಅಧಿಕಾರಿಗಳಿಗೂ ದಂಡ ಬಿತ್ತು. ಕಟ್ಟದ ಇಬ್ಬರು ಜೈಲಿಗೆ ಹೋದರು. ಆ ವಾರ್ಡಿನ ಹೆಂಗಸರು ಅವರಿಗೆ ಊಟ ಕಳಿಸಿದರು.

ಸುಪ್ರೀಂ ಕೋರ್ಟಿಗೆ ಹೋದದ್ದು ಇನ್ನೊಂದು ಕೇಸು. ಮಿಸೌರಿಯ ವರ್ಜಿನಿಯಾ ಮೈನರ್ ಎಂಬಾಕೆಯನ್ನು ನೋಂದಣಿ ಮಾಡಿಕೊಳ್ಳಲಿಲ್ಲ. ಮದುವೆಯಾದ ಹೆಣ್ಣು ತಾನೇ ದಾವೆ ಹೂಡುವಂತಿರಲಿಲ್ಲ, ಗಂಡನೂ ಜೊತೆಗೆ ನಿಲ್ಲಬೇಕಾಯಿತು. 1875ರಲ್ಲಿ ಕೋರ್ಟು ಒಮ್ಮತದಿಂದ ಹೇಳಿತು: ಈಕೆ ಅಮೆರಿಕದ ಪ್ರಜೆ, ನಿಜ. ಆದರೆ ಪ್ರಜೆಯಾದ ಮಾತ್ರಕ್ಕೆ ವೋಟು ಬರುವುದಿಲ್ಲ. ಪೌರತ್ವದ ಪ್ರಮಾಣ ಮಾಡಿ, ಬಾವುಟ ಹಿಡಿದು ಫೋಟೋ ತೆಗೆಸಿಕೊಂಡ ನಾವು ಈ ತೀರ್ಪನ್ನು ಒಮ್ಮೆ ನೆನೆಯಬೇಕು. ಆಗ ಪ್ರಜೆಯಾಗಿದ್ದವರಿಗೆ ವೋಟು ಕೊಡಲಿಲ್ಲ. ಈಗ ಕೊಟ್ಟಿದ್ದಾರೆ, ನಾವು ಹೆಸರು ಬರೆಸಿಲ್ಲ.

ಆ ತೀರ್ಪಿನ ಮೇಲೆ ಎರಡೇ ದಾರಿ ಉಳಿದವು. ಸಂವಿಧಾನ ತಿದ್ದಬೇಕು, ಇಲ್ಲವೇ ಒಂದೊಂದೇ ರಾಜ್ಯವನ್ನು ಗೆಲ್ಲಬೇಕು. ಹೆಂಗಸರ ವೋಟಿನ ತಿದ್ದುಪಡಿಯ ಮಸೂದೆ 1878ರಲ್ಲಿ ಸೆನೆಟ್ಟಿಗೆ ಬಂತು. 1887ರಲ್ಲಿ ಮತಕ್ಕೆ ಹಾಕಿದಾಗ 16ಕ್ಕೆ 34ರಂತೆ ಸೋತಿತು. ಹಾಗಾಗಿ ರಾಜ್ಯಗಳ ಕಡೆ ತಿರುಗಿದರು. ಅಲ್ಲಿ ಎಷ್ಟೋ ಕಡೆ ಮೊದಲು ಕೈಗೆ ಸಿಕ್ಕಿದ್ದು ಶಾಲೆಯ ವೋಟು. ಕೆಂಟಕಿ 1838ರಲ್ಲೇ ಮನೆ ನಡೆಸುವ ವಿಧವೆಯರಿಗೆ ಶಾಲಾ ಚುನಾವಣೆಯಲ್ಲಿ ಮತ ಕೊಟ್ಟಿತ್ತು. ಕ್ಯಾನ್ಸಸ್ 1861ರಲ್ಲಿ, ಮ್ಯಾಸಚೂಸೆಟ್ಸ್ 1879ರಲ್ಲಿ ಕೊಟ್ಟವು. ನಮ್ಮ ನ್ಯೂಜೆರ್ಸಿಯ ಹಳ್ಳಿಗಳಲ್ಲಿ 1887ರಲ್ಲಿ ಬಂತು. ಆಮೇಲೆ ಅದರಲ್ಲೂ ಬೋರ್ಡಿನ ಸದಸ್ಯರನ್ನು ಆರಿಸುವ ಭಾಗವನ್ನು ಕೋರ್ಟು ಕಿತ್ತುಕೊಂಡಿತು. ಮಕ್ಕಳ ವಿಷಯ ತಾನೇ, ಹೆಂಗಸರು ನೋಡಿಕೊಳ್ಳಲಿ ಎಂಬ ಲೆಕ್ಕದಲ್ಲಿ ಕೊಟ್ಟದ್ದು ಅದು. ಆದರೆ ಅಲ್ಲೊಂದು ಸಿಕ್ಕು ಇತ್ತು. ಕೆಲವು ಊರುಗಳಲ್ಲಿ ಹೆಂಗಸರು ಶಾಲಾ ವೋಟಿಗೆ ಅಷ್ಟಾಗಿ ಬರುತ್ತಿರಲಿಲ್ಲ. ವಿರೋಧಿಗಳು ಅದನ್ನೇ ಹಿಡಿದುಕೊಂಡರು. ನೋಡಿ, ಇರುವ ವೋಟನ್ನೇ ಹಾಕದವರು ಇನ್ನೂ ದೊಡ್ಡದು ಕೇಳುತ್ತಿದ್ದಾರೆ ಎಂದು ಊರೂರಲ್ಲಿ ಭಾಷಣ ಮಾಡಿದರು. ನಮ್ಮ ಸಮುದಾಯದ ಮಾತು ಊರಿನ ಸಭೆಯಲ್ಲಿ ಏಕೆ ನಡೆಯುವುದಿಲ್ಲ ಎಂದು ಆಗಾಗ ಗೊಣಗುತ್ತೇವಲ್ಲ? ವೋಟು ಹಾಕಿದವರ ಪಟ್ಟಿ ಅಭ್ಯರ್ಥಿಗಳ ಕೈಗೆ ಸಿಗುತ್ತದೆ. ಯಾರಿಗೆ ಹಾಕಿದಿರಿ ಎಂದು ತಿಳಿಯುವುದಿಲ್ಲ, ಹಾಕಿದಿರೋ ಇಲ್ಲವೋ ತಿಳಿಯುತ್ತದೆ. ಯಾವ ಬೀದಿಗೆ ಹೋಗಿ ಬಾಗಿಲು ತಟ್ಟಬೇಕು ಎಂದು ಅವರು ನಿರ್ಧರಿಸುವುದೇ ಆ ಪಟ್ಟಿ ನೋಡಿ.

ಪಶ್ಚಿಮದಲ್ಲಿ ಕತೆ ಬೇರೆ. ವ್ಯೋಮಿಂಗ್ 1869ರ ಡಿಸೆಂಬರಿನಲ್ಲಿ ಒಂದೇ ಏಟಿಗೆ ಪೂರ್ತಿ ಹಕ್ಕು ಕೊಟ್ಟಿತು. ಮರುವರ್ಷ ಲಾರಮಿ ಎಂಬ ಊರಿನಲ್ಲಿ 69 ವರ್ಷದ ಅಜ್ಜಿ ಲೂಯಿಸಾ ಸ್ವೇನ್ ಬೆಳಿಗ್ಗೆಯೇ ಹೋಗಿ ಹಾಕಿ ಬಂದರು. ಯೂಟಾ 1870ರಲ್ಲಿ ಕೊಟ್ಟಿತು, 1887ರಲ್ಲಿ ದೇಶದ ಸಂಸತ್ತಾದ ಕಾಂಗ್ರೆಸ್ ಕಿತ್ತುಕೊಂಡಿತು, 1896ರಲ್ಲಿ ವಾಪಸ್ ಬಂತು. ಕೊಲರಾಡೋದಲ್ಲಿ 1893ರಲ್ಲಿ ಗಂಡಸರೇ ಜನಮತದಲ್ಲಿ ಹೌದು ಎಂದರು. ಕ್ಯಾಲಿಫೋರ್ನಿಯಾದಲ್ಲಿ 1911ರಲ್ಲಿ ಗೆದ್ದ ಅಂತರ 3,587 ಮತ. ಸ್ಯಾನ್ ಫ್ರಾನ್ಸಿಸ್ಕೋದ ಎಣಿಕೆ ನೋಡಿ ಸೋತೆವು ಎಂದೇ ಮೊದಲು ಸುದ್ದಿಯಾಗಿತ್ತು. ಹಳ್ಳಿಗಳ ಎಣಿಕೆ ನಿಧಾನವಾಗಿ ಬಂದು ಅದನ್ನು ತಿರುಗಿಸಿತು. ಒಂದೊಂದು ಮತಗಟ್ಟೆಗೆ ಹಂಚಿದರೆ ಆ ಅಂತರ ಸುಮಾರು ಒಂದು ವೋಟು.

ಇಡೀ ಹೋರಾಟದ ಲೆಕ್ಕವನ್ನು ಅದರ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಕೊನೆಯಲ್ಲಿ ಬರೆದಿಟ್ಟರು. ಗಂಡಸು ಮತದಾರರ ಮುಂದೆ 56 ಜನಮತದ ಪ್ರಚಾರಗಳು. ಜನಮತಕ್ಕೆ ಹಾಕಿ ಎಂದು ರಾಜ್ಯದ ಶಾಸನಸಭೆಗಳನ್ನು ಒಪ್ಪಿಸಲು 480 ಪ್ರಚಾರಗಳು. ಇದರಲ್ಲಿ ಹೆಚ್ಚಿನವು ಸೋತವು.

ನನಗೆ ಇಡೀ ಕತೆಯಲ್ಲಿ ತುಂಬಾ ಹಿಡಿಸಿದ ಭಾಗ ಷಿಕಾಗೋದ್ದು. ಇಲಿನಾಯ್ 1913ರಲ್ಲಿ ಹೆಂಗಸರಿಗೆ ಅಧ್ಯಕ್ಷರ ಚುನಾವಣೆಯಲ್ಲೂ ಊರಿನ ಚುನಾವಣೆಗಳಲ್ಲೂ ಮತ ಕೊಟ್ಟಿತು. ಗವರ್ನರಿಗೆ, ಶಾಸಕರಿಗೆ ಹಾಕುವಂತಿಲ್ಲ. ಅರೆಬರೆ ಹಕ್ಕು. ಅದೇ ವರ್ಷ ಪತ್ರಕರ್ತೆ ಐಡಾ ಬಿ. ವೆಲ್ಸ್ ಕಪ್ಪು ಹೆಂಗಸರಿಗಾಗಿ ಆಲ್ಫಾ ಸಫ್ರೇಜ್ ಕ್ಲಬ್ ಎಂಬ ಸಂಘ ಕಟ್ಟಿದ್ದರು. ಮಾರ್ಚಿನಲ್ಲಿ ವಾಷಿಂಗ್ಟನ್ನಿನ ದೊಡ್ಡ ಮೆರವಣಿಗೆಗೆ ಹೋದಾಗ ಸಂಘಟಕರು ಆಕೆಗೆ ನೀವು ಹಿಂದೆ, ಕಪ್ಪು ಹೆಂಗಸರ ಜೊತೆ ನಡೆಯಿರಿ ಎಂದರು. ದಕ್ಷಿಣದ ಬಿಳಿ ಹೆಂಗಸರಿಗೆ ಬೇಜಾರಾಗುತ್ತದಂತೆ. ವೆಲ್ಸ್ ವಾದ ಮಾಡುತ್ತಾ ನಿಲ್ಲಲಿಲ್ಲ. ಪಕ್ಕದ ಜನರ ನಡುವೆ ಸರಿದು ನಿಂತರು. ಇಲಿನಾಯ್ ತಂಡ ಬಂದಾಗ ನೇರ ಅದರೊಳಗೆ ಸೇರಿಕೊಂಡು ನಡೆದರು.

ಊರಿಗೆ ಬಂದ ಮೇಲೆ ಆಕೆಯ ಸಂಘದವರು ಷಿಕಾಗೋದ ಎರಡನೇ ವಾರ್ಡಿನಲ್ಲಿ ಬೀದಿ ಬೀದಿ ಹಂಚಿಕೊಂಡು ಮನೆಮನೆಗೆ ಹೋಗಿ ಹೆಂಗಸರ ಹೆಸರು ಬರೆಸಿದರು. ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳಿ ಎಂದು ಗಂಡಸರು ಹಂಗಿಸಿದರು. ಕೆಲವರು ಅತ್ತುಕೊಂಡು ಬಂದರು, ಮಾರನೇ ದಿನ ಮತ್ತೆ ಹೋದರು. 1914ರ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಅವರು ಬೆಂಬಲಿಸಿದ ಕಪ್ಪು ಅಭ್ಯರ್ಥಿ ಸ್ವಲ್ಪದರಲ್ಲಿ ಸೋತರು. ಪಕ್ಷದ ದೊಡ್ಡವರಿಗೆ ಅಷ್ಟು ಸಾಕಾಯಿತು. ಎಣಿಕೆ ನೋಡಿ ಎಚ್ಚೆತ್ತರು, ಮುಂದಿನ ಸಲ ತಾವೇ ಒಬ್ಬ ಕಪ್ಪು ಅಭ್ಯರ್ಥಿಯನ್ನು ನಿಲ್ಲಿಸಿದರು. 1915ರಲ್ಲಿ ಆಸ್ಕರ್ ಡಿ ಪ್ರೀಸ್ಟ್ ಷಿಕಾಗೋದ ಮೊದಲ ಕಪ್ಪು ಕೌನ್ಸಿಲರ್ ಆದರು. ಮುಂದೆ ಕಾಂಗ್ರೆಸ್ಸಿಗೂ ಹೋದರು. ಇದೆಲ್ಲ ಆದದ್ದು ದೇಶಕ್ಕೆಲ್ಲ ಹೆಂಗಸರ ವೋಟು ತಂದ 19ನೇ ತಿದ್ದುಪಡಿಗೆ ಐದು ವರ್ಷ ಮೊದಲು, ಒಂದು ವಾರ್ಡಿನ ಚುನಾವಣೆಯಲ್ಲಿ. ನಮ್ಮ ಕೂಟದ ಒಂದು ಯುಗಾದಿ ಕಾರ್ಯಕ್ರಮಕ್ಕೆ ಎಷ್ಟು ಮನೆಗಳಿಗೆ ಫೋನು ಮಾಡುತ್ತೇವೆ ನೆನೆದುಕೊಳ್ಳಿ. ಅಷ್ಟೇ ಫೋನು, ಅಷ್ಟೇ ಜನ ಸಾಕಾಗುತ್ತದೆ.

ಶ್ವೇತಭವನದ ಮುಂದೆ ನಿಂತವರ ಕತೆ ನಿಮಗೆ ಗೊತ್ತಿರಬಹುದು. ಆಲಿಸ್ ಪಾಲ್ ನಮ್ಮ ನ್ಯೂಜೆರ್ಸಿಯ ಮೌಂಟ್ ಲಾರೆಲ್‌ನಲ್ಲಿ ಹುಟ್ಟಿದವರು. 1917ರ ಜನವರಿ 10ರಿಂದ ಆಕೆಯ ಕಡೆಯ ಹೆಂಗಸರು ಮಾತಾಡದೆ ಬ್ಯಾನರ್ ಹಿಡಿದು ಗೇಟಿನ ಮುಂದೆ ನಿಂತರು. ಪೊಲೀಸರು ಹಾಕಿದ ಆರೋಪ ಸಂಚಾರಕ್ಕೆ ಅಡ್ಡಿ. ನವೆಂಬರ್ 14ರ ರಾತ್ರಿ ವರ್ಜಿನಿಯಾದ ಆಕಕ್ವಾನ್ ಜೈಲಿನಲ್ಲಿ ಅವರನ್ನು ಎಳೆದಾಡಿ ಹೊಡೆದರು. ಲೂಸಿ ಬರ್ನ್ಸ್ ಅವರ ಕೈಗಳನ್ನು ತಲೆಯ ಮೇಲೆ ಕಂಬಿಗೆ ಬೇಡಿ ಹಾಕಿ ಕಟ್ಟಿದರು. ಉಪವಾಸ ಕೂತವರ ಗಂಟಲಿಗೆ ನಳಿಗೆ ತುರುಕಿ ಆಹಾರ ಸುರಿದರು. 1918ರಲ್ಲಿ ಆ ಬಂಧನಗಳೇ ಅಕ್ರಮ ಎಂದು ಮೇಲಿನ ಕೋರ್ಟು ಹೇಳಿತು.

ಜೈಲಿಗೆ ಹೋದವರಿಂದ ಗೆದ್ದೆವೋ, ಕ್ಯಾಟ್ ಅವರ ಲೆಕ್ಕಾಚಾರದಿಂದ ಗೆದ್ದೆವೋ ಎಂದು ಆಗಿನಿಂದ ವಾದ ನಡೆಯುತ್ತಿದೆ. ಎರಡೂ ಬೇಕಿತ್ತು ಎಂದೇ ನನಗನ್ನಿಸುತ್ತದೆ. ಆದರೆ ತಕ್ಕಡಿ ವಾಲಿಸಿದ್ದು ನ್ಯೂಯಾರ್ಕ್. 1915ರಲ್ಲಿ ಅಲ್ಲಿನ ಗಂಡಸರು ಜನಮತದಲ್ಲಿ ಇಲ್ಲ ಎಂದಿದ್ದರು. ಅದೇ ವರ್ಷ ನ್ಯೂಜೆರ್ಸಿಯವರೂ ಇಲ್ಲ ಎಂದರು. ನ್ಯೂಯಾರ್ಕಿನ ಹೆಂಗಸರು ಸೋತ ಕೂಡಲೇ ಮುಂದಿನ ಪ್ರಚಾರ ಶುರು ಮಾಡಿದರು. ಪ್ರಕಾಶಕಿ ಮಿರಿಯಮ್ ಲೆಸ್ಲಿ ಸಾಯುವಾಗ ತನ್ನ ಆಸ್ತಿಯನ್ನು ಈ ಕೆಲಸಕ್ಕೆಂದು ಕ್ಯಾಟ್ ಹೆಸರಿಗೆ ಬರೆದಿದ್ದರು. ಕೋರ್ಟು ಜಗಳಗಳಲ್ಲಿ ಅರ್ಧ ಕರಗಿ ಹೋದರೂ ಸುಮಾರು 10 ಲಕ್ಷ ಡಾಲರ್ ಚಳವಳಿಗೆ ಸಿಕ್ಕಿತು. 1917ರ ನವೆಂಬರಿನಲ್ಲಿ ನ್ಯೂಯಾರ್ಕ್ ಸುಮಾರು ಒಂದು ಲಕ್ಷ ಮತಗಳ ಅಂತರದಲ್ಲಿ ಹೌದು ಎಂದಿತು. ಕಾಂಗ್ರೆಸ್ಸಿನ ಕೆಳಮನೆಯಾದ ಹೌಸ್‌ನಲ್ಲಿ ಆ ರಾಜ್ಯಕ್ಕೆ 43 ಸೀಟು. ಆ 43 ಜನರೂ ಮುಂದಿನ ಸಲ ಹೆಂಗಸರ ಮನೆಬಾಗಿಲಿಗೆ ಹೋಗಿ ವೋಟು ಕೇಳಬೇಕು. ಅರ್ಥವಾಯಿತಲ್ಲ?

ಎರಡೇ ತಿಂಗಳು. 1918ರ ಜನವರಿ 10ರಂದು ತಿದ್ದುಪಡಿ ಹೌಸ್‌ನಲ್ಲಿ 274ಕ್ಕೆ 136ರಂತೆ ಪಾಸಾಯಿತು. ಮೂರರಲ್ಲಿ ಎರಡು ಪಾಲು ಬೇಕಿತ್ತು. ಬೇಕಾದದ್ದು 274, ಬಿದ್ದದ್ದೂ 274. ನ್ಯೂಯಾರ್ಕಿನ ಫ್ರೆಡರಿಕ್ ಹಿಕ್ಸ್ ಹೆಂಡತಿಯ ಸಾವಿನ ಹಾಸಿಗೆ ಬಿಟ್ಟು ಬಂದಿದ್ದರು. ಹೋಗಿ ಎಂದು ಕಳಿಸಿದ್ದು ಆಕೆಯೇ. ವೋಟು ಹಾಕಿ ಅಂತ್ಯಕ್ರಿಯೆಗೆ ಮರಳಿದರು. ಟೆನ್ನೆಸಿಯ ಥೀಟಸ್ ಸಿಮ್ಸ್ ಭುಜದ ಮೂಳೆ ಮುರಿದಿದ್ದರೂ ಅದನ್ನು ಕೂಡಿಸಿಕೊಳ್ಳದೆ ಬಂದು ಕೂತಿದ್ದರು. ಇಂಡಿಯಾನಾದ ಸದಸ್ಯರೊಬ್ಬರನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದರು. ಮಳೆ ಇತ್ತು, ಆಫೀಸಿನಲ್ಲಿ ಮೀಟಿಂಗ್ ಇತ್ತು ಎಂದು ವೋಟು ಬಿಟ್ಟ ನಮ್ಮ ಜನಕ್ಕೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ. ಸ್ವಲ್ಪ ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ಸೆನೆಟ್ 1918ರ ಅಕ್ಟೋಬರಿನಲ್ಲಿ ಎರಡು ಮತಗಳಿಂದ ಬೀಳಿಸಿತು, 1919ರ ಫೆಬ್ರವರಿಯಲ್ಲಿ ಒಂದು ಮತದಿಂದ. ನಡುವೆ ನಡೆದ ಚುನಾವಣೆಯಲ್ಲಿ ಹೆಂಗಸರು ವಿರೋಧಿ ಸೆನೆಟರುಗಳಲ್ಲಿ ಮ್ಯಾಸಚೂಸೆಟ್ಸ್‌ನ ವೀಕ್ಸ್, ಡೆಲವೇರ್‌ನ ಸಾಲ್ಸ್‌ಬರಿ ಇಬ್ಬರನ್ನೂ ಗುರಿಯಿಟ್ಟು ಸೋಲಿಸಿದ್ದರು. 1919ರ ಜೂನ್ 4ರಂದು ಹೊಸ ಸೆನೆಟ್ 56ಕ್ಕೆ 25ರಂತೆ ಒಪ್ಪಿತು. ಇನ್ನು 48 ರಾಜ್ಯಗಳಲ್ಲಿ 36 ಒಪ್ಪಬೇಕು. 1920ರ ಮಾರ್ಚ್ ಹೊತ್ತಿಗೆ 35 ಆಗಿದ್ದವು.

36ನೆಯದು ಟೆನ್ನೆಸಿ. ಆಗಸ್ಟ್ ತಿಂಗಳ ಸೆಕೆಯಲ್ಲಿ ನ್ಯಾಷ್‌ವಿಲ್ಲಿನ ಹರ್ಮಿಟೇಜ್ ಹೋಟೆಲ್ಲಿನಲ್ಲಿ ಎರಡೂ ಕಡೆಯವರು ಬೀಡುಬಿಟ್ಟರು. ಪರ ಇರುವವರ ಎದೆಯಲ್ಲಿ ಹಳದಿ ಗುಲಾಬಿ, ವಿರೋಧಿಗಳದು ಕೆಂಪು. ಮದ್ಯದ ವ್ಯಾಪಾರಿಗಳ ಕಡೆಯವರು ಶಾಸಕರಿಗೆ ಧಾರಾಳವಾಗಿ ಕುಡಿಸುತ್ತಿದ್ದರು. ಆಗಸ್ಟ್ 18ರಂದು ಕೆಳಮನೆಯಲ್ಲಿ ಈ ವಿಷಯವನ್ನೇ ಬದಿಗಿಡೋಣ ಎಂಬ ಸೂಚನೆ ಬಂತು. 48–48. ಮತ್ತೆ ಎಣಿಸಿದರು, ಮತ್ತೆ 48–48. ಸೂಚನೆ ಬಿದ್ದು ತಿದ್ದುಪಡಿಯೇ ಮತಕ್ಕೆ ಬಂತು. ನಿಯೋಟಾ ಎಂಬ ಸಣ್ಣ ಊರಿನ ಹ್ಯಾರಿ ಬರ್ನ್‌ಗೆ 24 ವರ್ಷ, ಸಭೆಯಲ್ಲೇ ಚಿಕ್ಕವ. ಎದೆಯಲ್ಲಿ ಕೆಂಪು ಗುಲಾಬಿ. ಜೇಬಿನಲ್ಲಿ ಅಮ್ಮನ ಕಾಗದ. ಮನೆ, ಹೊಲ, ಊರಿನ ಸುದ್ದಿ ಎಲ್ಲ ಬರೆದು ನಡುವೆ ಫೆಬ್ ಬರ್ನ್ ಮಗನಿಗೆ ಹೇಳಿದ್ದರು: ಹೆಂಗಸರ ವೋಟಿಗೆ ಮತ ಹಾಕು, ಅವರನ್ನು ಅನುಮಾನದಲ್ಲಿ ಇಡಬೇಡ, ಒಳ್ಳೇ ಹುಡುಗನಾಗಿ ಕ್ಯಾಟ್ ಅವರಿಗೆ ಸಹಾಯ ಮಾಡು. ಹುಡುಗ ಹೌದು ಎಂದ. ತಿದ್ದುಪಡಿ ಗೆದ್ದಿತು. ಅಮ್ಮನ ಮಾತು ಕೇಳುವುದೇ ಮಗನಿಗೆ ಕ್ಷೇಮ ಎಂದು ಮಾರನೇ ದಿನ ಸಭೆಯಲ್ಲಿ ವಿವರಣೆ ಕೊಟ್ಟ. ಶಾಸಕರನ್ನು ಆರಿಸುವ ವೋಟು ಫೆಬ್ ಬರ್ನ್‌ಗೆ ಇರಲಿಲ್ಲ. ತನ್ನ ಊರಿನ ಶಾಸಕ ಯಾರು, ಅವನು ಎತ್ತ ಕಡೆ ಇದ್ದಾನೆ ಎಂಬುದು ಗೊತ್ತಿತ್ತು. ಶಾಸಕ ಮನೆಯ ಮಗನೇ ಆಗಿದ್ದ, ನಿಜ. ಆದರೆ ನಮ್ಮಲ್ಲಿ ಎಷ್ಟು ಜನಕ್ಕೆ ತಮ್ಮ ಅಸೆಂಬ್ಲಿ ಸದಸ್ಯರ ಹೆಸರು ಗೊತ್ತು?

ಆಗಸ್ಟ್ 26ರ ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಜ್ ಕೋಲ್ಬಿ ತನ್ನ ಮನೆಯಲ್ಲೇ ಕಾಗದಕ್ಕೆ ಸಹಿ ಹಾಕಿದ. ಒಬ್ಬ ಹೋರಾಟಗಾರ್ತಿಯನ್ನೂ ಕರೆಯಲಿಲ್ಲ. ವಾಟ್ಸಾಪಿನ ಚಿತ್ರ ಹೇಳುವ ದಿನ ಇದು. ಇಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ಆ ನವೆಂಬರಿನಲ್ಲೇ ಜಾರ್ಜಿಯಾ, ಮಿಸಿಸಿಪಿಯ ಹೆಂಗಸರು ವೋಟು ಹಾಕಲಾಗಲಿಲ್ಲ. ಕಾರಣ? ನೋಂದಣಿಯ ಗಡುವು ಮುಗಿದಿತ್ತಂತೆ. ತಿದ್ದುಪಡಿ ಬರುವ ಮೊದಲೇ ಹೆಸರು ಬರೆಸಿರಬೇಕಿತ್ತು ಎಂದು ಅಲ್ಲಿನ ಸರ್ಕಾರಗಳು ಹೇಳಿದವು.

ದಕ್ಷಿಣದ ಕಪ್ಪು ಹೆಂಗಸರಿಗೆ ಪೋಲ್ ಟ್ಯಾಕ್ಸ್ ಎಂಬ ವೋಟಿನ ತೆರಿಗೆ, ಓದಿನ ಪರೀಕ್ಷೆ, ಅದೂ ಸಾಲದಿದ್ದರೆ ಹೊಡೆತ. 1962ರಲ್ಲಿ ಮಿಸಿಸಿಪಿಯ ಫ್ಯಾನಿ ಲೂ ಹೇಮರ್ ಹೆಸರು ಬರೆಸಲು ಹೋದದ್ದಕ್ಕೆ 18 ವರ್ಷ ದುಡಿದ ತೋಟದಿಂದ ಅದೇ ದಿನ ಹೊರಹಾಕಿದರು. ಈ ನೆಲದ ಮೂಲ ಜನರೆಲ್ಲರಿಗೂ ಪೌರತ್ವ ಬಂದದ್ದೇ 1924ರಲ್ಲಿ. ಅರಿಜೋನಾ, ನ್ಯೂ ಮೆಕ್ಸಿಕೋ 1948ರವರೆಗೂ ಅವರಿಗೆ ವೋಟು ಬಿಡಲಿಲ್ಲ.

ನಮ್ಮ ವಿಷಯಕ್ಕೆ ಬಂದರೆ? 1907ರ ಕಾನೂನಿನಂತೆ ವಿದೇಶಿಯನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಅದನ್ನು ಸಡಿಲಿಸಿದರು. ಆದರೆ ಗಂಡ ಪೌರತ್ವಕ್ಕೆ ಅರ್ಹನಲ್ಲದ ಜನಾಂಗದವನಾದರೆ ಸಡಿಲಿಕೆ ಇಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪ್ರಜೆಗಳಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬಂಗಾಳದ ತಾರಕನಾಥ ದಾಸ್ ಅವರ ಹೆಂಡತಿ ಮೇರಿ ದಾಸ್ ಇಲ್ಲೇ ಹುಟ್ಟಿದ ಬಿಳಿಯ ಹೆಣ್ಣು. ಗಂಡನ ದೆಸೆಯಿಂದ ಆಕೆಯ ಪೌರತ್ವವೂ ಹೋಯಿತು. ಹೆಂಗಸರ ವೋಟಿನ ತಿದ್ದುಪಡಿ ಬಂದ ಮೇಲೆ ಆದದ್ದು ಇದು. 1915ರಲ್ಲಿ ಮೂರು ಗಂಡುಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದ ಕಲಾ ಬಗಾಯಿ ಅವರ ಗಂಡ ಪೌರತ್ವ ಕಳೆದುಕೊಂಡ ನೋವಿನಲ್ಲಿ 1928ರಲ್ಲಿ ಪ್ರಾಣ ತೆಗೆದುಕೊಂಡರು. 1946ರ ಲೂಸ್–ಸೆಲರ್ ಕಾನೂನು ಬಂದ ಮೇಲಷ್ಟೇ ಕಲಾ ಅವರು ಪ್ರಜೆಯಾಗಲು ಸಾಧ್ಯವಾಯಿತು. ಅಂದರೆ ಭಾರತದಲ್ಲಿ ಹುಟ್ಟಿದ ಹೆಣ್ಣಿಗೆ ಈ ದೇಶದ ವೋಟಿನ ಬಾಗಿಲು ತೆರೆದದ್ದು 1920ರಲ್ಲಿ ಅಲ್ಲ, 1946ರಲ್ಲಿ.

ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ದಂಡಿಯಾಗಿ ಬರುವಂತಾದದ್ದು 1965ರ ಅಕ್ಟೋಬರಿನ ವಲಸೆ ಕಾನೂನಿನಿಂದ. ದಕ್ಷಿಣದ ಕಪ್ಪು ಜನರ ವೋಟನ್ನು ಕಾಯುವ ಕಾನೂನಿಗೆ ಸಹಿ ಬಿದ್ದು ಆಗ ಎರಡೇ ತಿಂಗಳಾಗಿತ್ತು. ಎರಡಕ್ಕೂ ಒಂದೇ ಹೋರಾಟದ ಗಾಳಿ ಬೆನ್ನಿಗಿತ್ತು. ಫ್ಯಾನಿ ಲೂ ಹೇಮರ್ ತಿಂದ ಪೆಟ್ಟಿಗೂ ನಮ್ಮ ವೀಸಾಕ್ಕೂ ಸಂಬಂಧ ಇದೆ.

ಇನ್ನು ಮನೆಯೊಳಗಿನ ಒಂದು ಮಾತು. ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಅಂಚೆಯಲ್ಲಿ ಬರುವ ಎರಡು ಬ್ಯಾಲೆಟ್ಟುಗಳನ್ನೂ ಗಂಡನೇ ತುಂಬಿ, ಹೆಂಡತಿ ಸಹಿ ಮಾತ್ರ ಹಾಕುವ ಮನೆಗಳು ನಮ್ಮಲ್ಲಿವೆ. "ನನಗೇನು ಗೊತ್ತಾಗುತ್ತೆ, ಅವರೇ ಹಾಕಿಬಿಡ್ತಾರೆ" ಎಂದು ನಗುವ ಅಕ್ಕಂದಿರೂ ಇದ್ದಾರೆ, ಕೆಲವರು ಪಿಎಚ್‌ಡಿ ಮಾಡಿದವರು. ನೂರು ವರ್ಷಗಳ ಹಿಂದೆ ವಿರೋಧಿಗಳು ಹೇಳುತ್ತಿದ್ದದ್ದೂ ಇದೇ. ಹೆಂಗಸರಿಗೆ ವೋಟು ಕೊಟ್ಟರೆ ಗಂಡನ ವೋಟು ಎರಡಾಗುತ್ತದೆ, ಮತ್ತೇನೂ ಬದಲಾಗುವುದಿಲ್ಲ ಎಂದು. ಅಣ್ಣಂದಿರೇ, ಇದು ಕಾನೂನಿಗೂ ವಿರುದ್ಧ. ಆಕೆಯ ಕವರು ಆಕೆಯ ಕೈಗೇ ಕೊಡಿ.

ಕೂಟದ ಪದಾಧಿಕಾರಿಗಳಿಗೆ ನನ್ನ ಬೇಡಿಕೆ ಇಷ್ಟೇ. ಕಾರ್ಯಕ್ರಮದ ಹಾಲ್‌ನ ಬಾಗಿಲಲ್ಲಿ ಒಂದು ಮೇಜು, ನೋಂದಣಿ ಫಾರಂಗಳು, ಇಬ್ಬರು ಸ್ವಯಂಸೇವಕರು. ರಾಜ್ಯೋತ್ಸವಕ್ಕೆ ಇಟ್ಟರೆ ಪ್ರಯೋಜನವಿಲ್ಲ. ನ್ಯೂಜೆರ್ಸಿಯಲ್ಲಿ ಚುನಾವಣೆಗೆ 21 ದಿನ ಮೊದಲೇ ಹೆಸರು ಬರೆಸಬೇಕು, ಆ ಗಡುವು ಅಕ್ಟೋಬರಿನಲ್ಲೇ ಮುಗಿಯುತ್ತದೆ. ಗಣೇಶನ ಹಬ್ಬಕ್ಕೇ ಇಡಿ. ಕೂಟ ಲಾಭರಹಿತ ಸಂಸ್ಥೆ, ರಾಜಕೀಯ ಬೇಡ ಎಂದು ಕೆಲವರು ಹಿಂಜರಿಯುತ್ತೀರಿ. ಅಭ್ಯರ್ಥಿಯ ಪರ ಮಾತಾಡುವಂತಿಲ್ಲ, ನಿಜ. ಪಕ್ಷ ನೋಡದೆ ನೋಂದಣಿ ಮಾಡಿಸಲು ಯಾವ ಅಡ್ಡಿಯೂ ಇಲ್ಲ. ಹೇಗೆ ಮಾಡುವುದು ತಿಳಿಯದಿದ್ದರೆ ಲೀಗ್ ಆಫ್ ವಿಮೆನ್ ವೋಟರ್ಸ್ ಅವರನ್ನು ಕೇಳಿ. 1920ರ ಫೆಬ್ರವರಿಯಲ್ಲಿ, ಗೆಲುವಿಗೆ ಇನ್ನೂ ಆರು ತಿಂಗಳಿರುವಾಗಲೇ ಕ್ಯಾಟ್ ಕಟ್ಟಿಟ್ಟ ಸಂಸ್ಥೆ ಅದು. ಪೌರತ್ವದ ಪ್ರಮಾಣ ಮುಗಿಸಿ ಹೊರಬರುವಾಗ ಎಷ್ಟೋ ಕಡೆ ಫಾರಂ ಹಿಡಿದು ನಿಂತಿರುವ ಹಿರಿಯ ಹೆಂಗಸರು ಆ ಲೀಗಿನವರೇ.

ಒಂದು ಎಚ್ಚರಿಕೆ. ಗ್ರೀನ್ ಕಾರ್ಡಿನಲ್ಲಿ ಇರುವ ಅಪ್ಪಅಮ್ಮಂದಿರ ಕೈಗೆ ಈ ಫಾರಂ ಕೊಡಬೇಡಿ. ಮೋಟಾರ್ ವೆಹಿಕಲ್ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸುವಾಗ ವೋಟಿನ ಪ್ರಶ್ನೆ ಬಂದರೆ ಅವರು ಬೇಡ ಎಂದೇ ಹೇಳಬೇಕು. ಪ್ರಜೆಯಲ್ಲದವರು ಹೆಸರು ಬರೆಸಿದರೆ ಮುಂದೆ ಪೌರತ್ವಕ್ಕೇ ತೊಂದರೆ. ಪ್ರಜೆಗಳಾದವರು ಫಾರಂ ತುಂಬಿದ ಮೇಲೆ ಸಹಿ ಮರೆಯಬೇಡಿ, ಸಹಿ ಇಲ್ಲದ ಫಾರಂ ನಿಂತುಹೋಗುತ್ತದೆ. ಮನೆ ಬದಲಾಯಿಸಿದವರು ಹೊಸ ವಿಳಾಸ ಕೊಡಿ. ಬ್ಯಾಲೆಟ್ ಬಂದಾಗ ಮೇಲಿನ ದೊಡ್ಡ ಹೆಸರುಗಳಿಗೆ ಗುರುತು ಹಾಕಿ ಮಡಚಿಡಬೇಡಿ. ಸ್ಕೂಲ್ ಬೋರ್ಡಿನ ಹೆಸರುಗಳು ಎಷ್ಟೋ ಸಲ ಕೆಳಗೆ, ಇಲ್ಲವೇ ಪಕ್ಕದ ಕಾಲಮ್ಮಿನಲ್ಲಿ ಇರುತ್ತವೆ. ನಿಮ್ಮ ಆಸ್ತಿ ತೆರಿಗೆಯ ದೊಡ್ಡ ಪಾಲು ಹೋಗುವುದು ಅವರು ನಡೆಸುವ ಶಾಲೆಗಳಿಗೇ.

ಇಂತಿ,
ನ್ಯೂಜೆರ್ಸಿಯ ಒಬ್ಬ ಕನ್ನಡತಿ, ನೋಂದಾಯಿತ ಮತದಾರೆ